ಹೊಳೆವ್ವ ಕೇಳಿದ ನೀರು

"ತಲೆ ಕಡೆ ಎತ್ರೋ, ತಲೆ ಕಡೆ! ಗ್ವಾಡೆಗೆ ತಗುಲ್ತೈತೆ!" ಎಂದು ಮನೆ ಮಾಲೀಕ ಗೋಪಾಲಪ್ಪ ಕೆಳಗಿನಿಂದ ಕೂಗಿದ.

ಮೂರನೇ ಮಹಡಿಯ ಬಾಡಿಗೆ ರೂಮಿನಿಂದ ಹೊಳೆವ್ವನ ಹೆಣವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅವಳದೇ ಸೀರೆಯಿಂದ ಬಿಗಿದು, ಅಕ್ಕಪಕ್ಕದ ರೂಮಿನ ಗಂಡಸರು ಇಳಿಸುತ್ತಿದ್ದರು. ಬಾಗಲಗುಂಟೆಯ ಆ ಕಟ್ಟಡದ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಗ್ಯಾಸ್ ಸಿಲಿಂಡರ್ ಹೊತ್ತವನೇ ಓರೆಯಾಗಿ ಹತ್ತಬೇಕು. ಇನ್ನು ಸತ್ತವರನ್ನು ಮಲಗಿಸಿಕೊಂಡು ಇಳಿಯುವುದೆಲ್ಲಿ ಬಂತು! ಕಟ್ಟಿಸುವಾಗ ಗೋಪಾಲಪ್ಪನ ತಲೆಯಲ್ಲಿ ಬಾಡಿಗೆಯವರು ಬರುವ ದಾರಿ ಇತ್ತೇ ಹೊರತು ಹೀಗೆ ಹೋಗುವ ದಾರಿ ಇರಲಿಲ್ಲ. ಪಾಪ, ಅವನೂ ಏನು ಮಾಡಿಯಾನು, ಈ ಕಡೆ ಎಲ್ಲರೂ ಕಟ್ಟಿಸುವುದೇ ಹಾಗೆ.

ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಮಗಳು ಶೈಲಶ್ರೀ ಹಿಂದಿನಿಂದ ಕೈ ಚಾಚಿ, ವಾಲುತ್ತಿದ್ದ ತಾಯಿಯ ಗದ್ದವನ್ನು ಹಿಡಿದುಕೊಂಡಳು.

ಗೇಟಿನ ಹತ್ತಿರ ನಿಂತಿದ್ದ ಸುಮಂಗಲಾ ಎರಡು ಮೆಟ್ಟಿಲು ಹತ್ತಿದಳು. ಯಾವ ಕಡೆ ಕೈ ಕೊಡಬೇಕೋ ತಿಳಿಯದೆ ಮತ್ತೆ ಇಳಿದು ಗೋಡೆಗೆ ಒರಗಿದಳು. ರೆವರೆಂಡ್ ಡಾಕ್ಟರ್ ಸುಮಂಗಲಾ ಸ್ಯಾಮ್ಯುಯೆಲ್ ಅಂದರೆ ಪಾದ್ರಿ ದೀಕ್ಷೆ ಪಡೆದ ಹೆಂಗಸು, ದೈವಶಾಸ್ತ್ರದ ಕಾಲೇಜಿನಲ್ಲಿ ಪಾಠ ಹೇಳುವಾಕೆ, ಕ್ರೈಸ್ತ ಮಾಸಪತ್ರಿಕೆಯೊಂದಕ್ಕೆ ಅಂಕಣ ಬರೆಯುವಾಕೆ. ರೊಟ್ಟಿ ತಟ್ಟುವುದೂ ಪ್ರಾರ್ಥನೆಯೇ, ಬಸ್ಸಿನಲ್ಲಿ ಬಸುರಿಗೆ ಸೀಟು ಬಿಡುವುದೂ ಪ್ರಾರ್ಥನೆಯೇ, ಹಣೆಗೆ ಕುಂಕುಮ ಇಟ್ಟರೆ ಯೇಸುಸ್ವಾಮಿ ಮುನಿಸಿಕೊಳ್ಳುವುದಿಲ್ಲ ಎಂದೆಲ್ಲ ಬರೆದು ಹಿರಿಯರಿಂದ ಬೈಸಿಕೊಂಡು, ಕಿರಿಯರಿಂದ ಭಲೇ ಅನ್ನಿಸಿಕೊಂಡವಳು. ಮಾತಿಗೆ ಎಂದೂ ಬರವಿಲ್ಲದವಳು.

ಹೊಳೆವ್ವನ ಗಂಡ ಸೋಮಪ್ಪ ವಾಚ್‌ಮನ್ ಪ್ಯಾಂಟಿನಲ್ಲೇ ಇದ್ದ. ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಪಾಳಿ ಮುಗಿಸಿ ಬಂದಾಗ, ಆಸ್ಪತ್ರೆಯವರು ಮನೆಗೆ ಕಳಿಸಿದ್ದ ಹೆಂಡತಿ ಹೋಗಿಬಿಟ್ಟಿದ್ದಳು. ಸುಮಂಗಲಾಳನ್ನು ಕಂಡದ್ದೇ ಕುರ್ಚಿ ಬಿಟ್ಟು ಓಡಿಬಂದ.

"ಬಂದ್ರೆಲ್ಲ ಅಕ್ಕಾರ! ಇನ್ನ ನನಗ ಚಿಂತಿಲ್ರಿ."

ಅವರ ಸೀಮೆಯಲ್ಲಿ ಟೀಚರಮ್ಮನನ್ನು ಅಕ್ಕಾರ ಅನ್ನುತ್ತಾರೆ. ಹೊಳೆವ್ವ ಶುರುಮಾಡಿದ್ದು, ಮನೆಮಂದಿಗೆಲ್ಲ ಅಂಟಿಕೊಂಡಿತ್ತು.

ಗೋಪಾಲಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಹತ್ತಿರ ಬಂದ. "ಮೇಡಂ, ಜಾಗ ಎಲ್ಲಿ ಅಂತ ಏಳ್ಬುಡಿ. ಕರೆಂಟ್ ಒಲೆಗೆ ಆದ್ರೆ ನಾನೇ ಪೋನ್ ಮಾಡ್ತೀನಿ. ಅಲ್ಲೂ ಸರತಿ ಇರ್ತೈತೆ, ತಡ ಮಾಡಿದ್ರೆ ನಾಳೆಗೋಯ್ತದೆ."

"ಸುಡೂದು ಬ್ಯಾಡ್ರಿ ಗೌಡ್ರ," ಎಂದ ಸೋಮಪ್ಪ. "ಅಕಿ ಮಣ್ಣು ಕೇಳ್ಯಾಳ. ಚರ್ಚಿನ ಮಣ್ಣು. ನಮ್ಮೂರು ಆಲಮಟ್ಟಿ ಹಿನ್ನೀರಾಗ ಹೋತು. ಊರ ಅಷ್ಟ ಅಲ್ರೀ, ಹಿರೇರು ಮಲಗಿದ್ದ ಮಸಣಾನೂ ಹೋತು. ನನ್ನ ನೀರು ಬರಲಾರದ ಕಡೆ ಇಡ್ರಿ, ನಾಕ ಮಂದಿ ಇದ್ದಲ್ಲಿ ಇಡ್ರಿ ಅಂತಿದ್ಲು. ಅಕ್ಕಾರ ಅದಾರಲ್ಲ, ಎಲ್ಲಾ ಮಾಡ್ತಾರ."

"ಅಯ್ಯೋ, ಜಾಗ ಇದ್ದಿದ್ರೆ ನಾನೇ ಕೊಡ್ತಿದ್ನಪ್ಪಾ," ಎಂದ ಗೋಪಾಲಪ್ಪ. "ನಮ್ಮಪ್ಪುನ್ ಸಮಾದೀನೇ ಯಾವ್ದೋ ಗೋಡೌನ್ ಕಾಂಪೋಂಡ್ ಒಳಕ್ ಸೇರ್ಕೊಂಡೈತೆ. ದೀಪ ಅಚ್ಚಕ್ಕೆ ನಾನು ಗೇಟ್ ತಾವ ಸೈನ್ ಮಾಡಿ ಒಳಕ್ಕೋಗ್ಬೇಕು, ಗೊತ್ತಾ ನಿಂಗೆ?"

"ನಾನು ಚರ್ಚಿಗೆ ಹೋಗಿ ಮಾತಾಡ್ಕೊಂಡು ಬರ್ತೀನಿ," ಎಂದಳು ಸುಮಂಗಲಾ.

ಅಷ್ಟು ಹೊತ್ತಿಗೆ ಕುರ್ಚಿ ಕೆಳಗೆ ಬಂದಿತ್ತು. ಶೈಲಶ್ರೀ ತಾಯಿಯ ಗದ್ದ ಬಿಡದೆಯೇ ತಿರುಗಿ ನೋಡಿದಳು.

"ಮಾತಾಡೋಕೆ ಏನಿದೆ ಮೇಡಂ? ಅವರು ಕೇಳೋದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಹೋದ ವಾರದ ತನಕ ಈ ಹುಡುಗಿ ಆಂಟಿ ಅನ್ನುತ್ತಿತ್ತು. ಮೇಡಂ ಅನ್ನುವ ಪದ ಸುಮಂಗಲಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

*

ಹೊಳೆವ್ವ ಮೊದಲ ಸಲ ಬಂದದ್ದು ಹಾಡು ಕೇಳಿಕೊಂಡು.

ಮುಚ್ಚಿಹೋದ ಲೇತ್ ಶಾಪಿನ ಮೇಲಿನ ಹಾಲಿನಲ್ಲಿ ಸುಮಂಗಲಾ ಭಾನುವಾರ ಸಂಜೆ ಒಂದು ಕೂಟ ನಡೆಸುತ್ತಿದ್ದಳು. ಬೆಂಚಿಲ್ಲ, ಚಾಪೆ. ಮೋಂಬತ್ತಿಯಿಲ್ಲ, ಎಣ್ಣೆ ದೀಪ. ಏಕತಾರಿ ಮೀಟಿ ಭಜನೆಯ ಮಟ್ಟಿನಲ್ಲಿ ಹಾಡು, ಕೊನೆಗೆ ಜೋಳದ ರೊಟ್ಟಿ ಮುರಿದು ಬೆಲ್ಲದ ಜೊತೆ ಹಂಚುವುದು. ನೀನು ಯಾರು, ಯಾವ ಜಾತಿ, ತಲೆಗೆ ನೀರು ಬಿದ್ದು ದೀಕ್ಷಾಸ್ನಾನ ಎಲ್ಲಿ ಆಯಿತು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಕೇಳಬಾರದೆಂದೇ ಸುಮಂಗಲಾ ಆ ಕೂಟ ಕಟ್ಟಿದ್ದು. ದೊಡ್ಡ ಚರ್ಚಿನವರು ಅದನ್ನು ಭಜನೆ ಮನೆ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಂಡಷ್ಟೂ ಅವಳಿಗೆ ಉಮೇದು.

ಹೊಳೆವ್ವ ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ಕಬ್ಬಿಣದ ತುಂಡುಗಳನ್ನು ಕೊಕ್ಕೆಗೆ ನೇತುಹಾಕುವ ಕೆಲಸದವಳು. ಆ ದಿನ ಶೆಡ್ಡಿನಲ್ಲಿ ಯಾವ ಬಣ್ಣ ಹೊಡೆದಿದ್ದರೋ ಆ ಬಣ್ಣ ಅವಳ ಹುಬ್ಬಿನಲ್ಲಿ. ಒಂದು ವಾರ ಹಳದಿ, ಒಂದು ವಾರ ಬೂದಿ. ನೀಲಿ ಹುಬ್ಬಿನಲ್ಲಿ ಬಾಗಿಲಲ್ಲೇ ನಿಂತು, "ಒಳಗ ಬರಬಹುದೇನ್ರಿ?" ಎಂದಳು. ಬಂದಳು. ಮುಂದಿನ ವಾರ ಏಕತಾರಿ ಅವಳ ಕೈಯಲ್ಲೇ ಇತ್ತು.

ಒಂದು ದಿನ ಕೂಟ ಮುಗಿದ ಮೇಲೆ ಚಾಪೆ ಸುತ್ತುತ್ತ ಅಂದಳು, "ಅಕ್ಕಾರ, ನಿಮ್ಮ ಸ್ವಾಮಿ ಗೆಳೆಯಾ ಸತ್ತಾಗ ಅವರ ಮನಿಗಿ ಹೋಗಿ ಅತ್ತನಂತಲ್ರಿ. ದೇವರಾದಾಂವ ಮಂದಿ ಕೂಡ ಕುಂತು ಅಳೂದನ್ನ ನಾ ಎಲ್ಲೂ ಕೇಳಿಲ್ಲ ನೋಡ್ರಿ. ನಾ ಅವನ ಮಂದಿ ಆಗ್ತೇನಿ. ನನಗ ನೀರು ಹಾಕ್ರಿ."

ಸುಮಂಗಲಾಳಿಗೆ ಖುಷಿಯಾಯಿತು. ಜೊತೆಗೆ ಅಂಜಿಕೆಯೂ ಆಯಿತು. ಅವಳ ಮುತ್ತಜ್ಜನಿಗೆ ಬಿಳಿ ಪಾದ್ರಿ ದೊರೆಗಳು ದೀಕ್ಷಾಸ್ನಾನ ಕೊಟ್ಟಾಗ ಹೆಸರು ಹೋಗಿತ್ತು, ಹಾಡು ಹೋಗಿತ್ತು, ಹೆತ್ತ ತಾಯಿ ಮನೆಯ ಹೊಸಿಲು ಹೋಗಿತ್ತು. ಆ ಕತೆ ಕೇಳುತ್ತಲೇ ಬೆಳೆದವಳು. ಇನ್ನೊಬ್ಬರಿಂದ ಏನನ್ನೂ ಕಿತ್ತುಕೊಳ್ಳುವವಳು ನಾನಾಗಬಾರದು ಎಂಬುದು ಅವಳ ಇಡೀ ದೈವಶಾಸ್ತ್ರದ ಬುಡ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಹೊಳೆವ್ವ, ದೇವರು ನಿನ್ನನ್ನ ಆಗಲೇ ಒಪ್ಪಿಕೊಂಡಿದ್ದಾನೆ," ಎಂದಳು. "ನಿನ್ನ ಹೆಸರು, ನಿನ್ನ ಕುಂಕುಮ, ನಿನ್ನ ಎಲ್ಲವ್ವ, ಎಲ್ಲದರ ಜೊತೆಗೇ ಒಪ್ಪಿಕೊಂಡಿದ್ದಾನೆ. ದೇವರಿಗೆ ನೀರು ಬೇಕಾಗಿಲ್ಲ."

"ದೇವರಿಗೆ ಬ್ಯಾಡ್ರಿ. ನನಗ ಬೇಕು."

ಸುಮಂಗಲಾ ಜೋರಾಗಿ ನಕ್ಕಳು. ಹೊಳೆವ್ವ ನಗಲಿಲ್ಲ.

"ಊರು ಮುಳಗಿದಮ್ಯಾಲ ನಮ್ಮನ್ನ ಯಾರೂ ಇವರು ನಮ್ಮಾವರು ಅಂದಿಲ್ರಿ ಅಕ್ಕಾರ. ಹೋದಲ್ಲೆಲ್ಲಾ ಮುಳುಗಡಿ ಮಂದಿ. ಇಲ್ಲಿ ಬಂದ್ರ ಬಾಡಿಗಿ ಮಂದಿ. ನೀವು ನಾಕ ಮಂದಿ ಮುಂದ ನನ್ನ ತಲಿಮ್ಯಾಲ ನೀರು ಹಾಕಿ, ಹೊಳೆವ್ವ ನಮ್ಮಾಕಿ ಅನ್ರಿ. ಅಷ್ಟ ಸಾಕು."

"ನೀನು ನಮ್ಮವಳೇ ಕಣೇ."

"ನೀವಂತೀರಿ. ಚರ್ಚಿನ ಮಂದಿ ಅನಬೇಕಲ್ರಿ."

ಆ ತಿಂಗಳ ಅಂಕಣದ ವಸ್ತು ಅದೇ ಆಯಿತು. ನೀರು ಬೇಕಿಲ್ಲದ ನಂಬಿಕೆಯ ಒಬ್ಬ ಸಹೋದರಿ ನಮ್ಮ ನಡುವೆ ಇದ್ದಾಳೆ, ಅವಳು ನಮಗೆಲ್ಲ ಪಾಠ ಎಂದು ಸುಮಂಗಲಾ ಬರೆದಳು. ಬಹಳ ಚೆನ್ನಾಗಿ ಬರೆದಳು. ಆಮೇಲೆ ಅದನ್ನೇ ಹಿಗ್ಗಿಸಿ ಒಂದು ಸಮ್ಮೇಳನದಲ್ಲಿ ಮಾತಾಡಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸಹೋದರಿ ನೀರು ಬೇಕೇ ಬೇಕು ಅಂದದ್ದನ್ನು ಮಾತ್ರ ಅವಳು ಹೇಳಲಿಲ್ಲ. ಹೇಳಿದ್ದರೆ ಭಾಷಣ ಕೆಟ್ಟುಹೋಗುತ್ತಿತ್ತು.

*

ಕೃಪಾ ದೇವಾಲಯವೆಂಬ ಆ ದೊಡ್ಡ ಚರ್ಚಿನ ಕಚೇರಿಯಲ್ಲಿ ಪಾಪಯ್ಯ ಒಬ್ಬನೇ ಇದ್ದ. ಮೆಷಿನ್ ಟೂಲ್ಸ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವನು, ಸಮಾಧಿ ಸಮಿತಿಯ ಕಾರ್ಯದರ್ಶಿ. ಕೆಟ್ಟವನಲ್ಲ. ಸಾವಿನ ಸುದ್ದಿ ಬಂದರೆ ಮೊದಲು ಎದ್ದು ನಿಲ್ಲುವವನು. ಸುದ್ದಿ ಕೇಳಿ ಈಗಲೂ ಎದ್ದು ನಿಂತ.

"ಪಾಪ, ಯಾರು ಅಂತ ಗೊತ್ತಾಯ್ತಮ್ಮ. ಭಾನುವಾರ ಬೆಳಗ್ಗೆ ಇಲ್ಲಿಗೂ ಬಂದು ಹಿಂದಿನ ಬೆಂಚಲ್ಲಿ ಕೂರ್ತಿದ್ರಲ್ಲ, ಹುಬ್ಬಿಗೆ ಬಣ್ಣ ಇರ್ತಿತ್ತು. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲಾ ಎದ್ದು ಬಂದ್ರೂ ಆಯಮ್ಮ ಮಾತ್ರ ಬರ್ತಿರ್ಲಿಲ್ಲ. ಒಂದಿನ ಕರೆದೆ. ನನಗಿನ್ನೂ ನೀರು ಬಿದ್ದಿಲ್ರಿ ಅಂತ ಅಂದ್ರು." ಪಾಪಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅದಕ್ಕೇ ಕೇಳ್ತಿದೀನಿ. ಆಮೇಲೆ ದೀಕ್ಷಾಸ್ನಾನ ಆಯ್ತಾ?"

ಸುಮಂಗಲಾ ಸೀದಾ ಉತ್ತರ ಕೊಡಲಿಲ್ಲ. ಸತ್ತವರಿಗೆ ನಾವು ಬಾಗಿಲು ಹಾಕುವುದು ಯಾವ ಸುವಾರ್ತೆ ಎಂದು ಶುರುಮಾಡಿದಳು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದು ಸ್ವರ್ಗ ಸೇರಿದ ಕಳ್ಳನಿಗೆ ಯಾರು ನೀರು ಹಾಕಿದ್ದರು ಎಂದು ಕೇಳಿದಳು. ಮಣ್ಣೆಲ್ಲ ದೇವರದು ಎಂದಳು. ಪಾಪಯ್ಯ ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ.

"ನಿಮ್ಮ ಆರ್ಟಿಕಲ್ ಎಲ್ಲಾ ಓದ್ತೀನಮ್ಮ. ಎಷ್ಟೋ ಸಲ ಕಣ್ಣಲ್ಲಿ ನೀರು ಬಂದಿದೆ. ಆದ್ರೆ ನನ್ನ ಪಾಡು ನೋಡಿ. ಇರೋದೇ ಅಷ್ಟಗಲ ಜಾಗ. ನಮ್ಮ ಸಭೆಯವರಿಗೇ ಹಳೇ ಗುಂಡಿ ಮತ್ತೆ ತೋಡಿ ಅಪ್ಪನ ಮೇಲೆ ಮಗನ್ನ ಇಡ್ತಿದೀವಿ. ಹೋದ ಸಲ ನಮ್ಮ ತಂಗಿ ಗಂಡನಿಗೇ ಇಲ್ಲ ಅಂದೆ. ಮದುವೆಗೆ ಚರ್ಚಿಗೆ ಬಂದಿದ್ದ, ನೀರು ತಗೊಂಡಿರ್ಲಿಲ್ಲ. ಆವತ್ತಿಂದ ತಂಗಿ ಮಾತು ಬಿಟ್ಟಿದಾಳೆ. ಈಗ ನಿಮಗೆ ಹೂಂ ಅಂದ್ರೆ ಅವಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?"

ಪಾಪಯ್ಯ ಕನ್ನಡಕವನ್ನು ಮತ್ತೆ ಹಾಕಿಕೊಂಡ.

"ಒಂದೇ ಮಾತು ಹೇಳಿ. ನೀವೂ ಪಾದ್ರಿನೇ. ನೀವೇ ಕೊಟ್ಟಿರಬೋದಲ್ಲ? ಕೊಟ್ಟಿದ್ರೆ ಸಾಕು, ಯಾವ ಸರ್ಟಿಫಿಕೇಟೂ ಬೇಡ ನನಗೆ. ನಿಮ್ಮ ಮಾತೇ ಸಾಕು. ಸಮಿತಿ ಮುಂದೆ ಎದೆ ತಟ್ಟಿ ಹೇಳ್ತೀನಿ."

*

ಹೊಳೆವ್ವ ಎರಡನೇ ಸಲ ಕೇಳಿದ್ದು ಮತಾಂತರದ ಕಾನೂನು ಬಂದ ವರ್ಷ. ನೀರು ಹಾಕುವ ಮೊದಲು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ತಪ್ಪಿದರೆ ಜೈಲು ಎಂದು ಪೇಪರಿನಲ್ಲಿ ದಿನಾ ಅದೇ ಸುದ್ದಿ. ಯಾರೋ ಇಬ್ಬರು ಬೈಕಿನಲ್ಲಿ ಬಂದು ಲೇತ್ ಶಾಪಿನ ಎದುರು ನಿಂತು ಕೂಟದ ಫೋಟೋ ತೆಗೆದುಕೊಂಡು ಹೋಗಿದ್ದರು. ಕಾಲೇಜಿನಲ್ಲಿ, ಹೊಸಬರ ತಂಟೆಗೆ ಯಾರೂ ಹೋಗಬೇಡಿ ಎಂದು ಹಿರಿಯರು ಕೂರಿಸಿಕೊಂಡು ಹೇಳಿದ್ದರು. ಸುಮಂಗಲಾಳಿಗೆ ನಿದ್ದೆ ಬರುತ್ತಿರಲಿಲ್ಲ. ಕೆಲಸ ಹೋದರೆ? ಪೊಲೀಸರು ಬಂದರೆ?

ಆದರೆ ಹೊಳೆವ್ವ ಕೇಳಿದಾಗ, ನನಗೆ ಹೆದರಿಕೆ ಕಣೇ ಅನ್ನಲಿಲ್ಲ. ಅಂದಿದ್ದರೆ ಹೊಳೆವ್ವ ನಕ್ಕು, ಆಗಲಿ ಬಿಡ್ರಿ, ನಾನ ಹೋಗಿ ಅರ್ಜಿ ಕೊಡ್ತೇನಿ ಅನ್ನುತ್ತಿದ್ದಳೇನೋ. ಅವಳು ಅಂಥವಳೇ. ಸುಮಂಗಲಾ ಹಳೆಯ ಮಾತನ್ನೇ, ದೇವರಿಗೆ ನೀರು ಬೇಕಿಲ್ಲ ಎಂಬ ಚೆಂದದ ಮಾತನ್ನೇ, ಮತ್ತೆ ಹೇಳಿದಳು. ಹೇಳುವಾಗ ತನ್ನ ಧ್ವನಿ ತನಗೇ ಅಸಹ್ಯವಾಯಿತು. ನಂಬಿಕೆಯಿಂದ ಹುಟ್ಟಿದ್ದ ಮಾತು ಈಗ ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯಾಗಿತ್ತು.

ಮೂರನೆಯ ಸಲ ಕೇಳಿದ್ದು ಹೋದ ವಾರ, ಆಸ್ಪತ್ರೆಯಲ್ಲಿ. ಕಿಡ್ನಿ ಎರಡೂ ಕೈಬಿಟ್ಟು, ಮೈಯೆಲ್ಲ ಬಾತು, ಹೊಳೆವ್ವ ಗೋಡೆಗೆ ಒರಗಿ ಕೂತಿದ್ದಳು. ಶೈಲಶ್ರೀ ಕಾಲು ಒತ್ತುತ್ತಿದ್ದಳು.

"ಅಕ್ಕಾರ, ಈಗರೆ ಹಾಕ್ರಿ."

ಪಕ್ಕದ ಮಂಚದವರು ತಿರುಗಿ ನೋಡಿದರು. ನರ್ಸ್ ಬಾಗಿಲಲ್ಲಿದ್ದಳು. ಒಂದು ಲೋಟ ನೀರು ಅಲ್ಲೇ ಕೈಗೆಟುಕುವ ಹಾಗೆ ಸ್ಟೂಲಿನ ಮೇಲಿತ್ತು. ಯಾರಾದರೂ ವಿಡಿಯೋ ಮಾಡಿದರೆ, ರೋಗಿಯನ್ನು ಮತಾಂತರ ಮಾಡಿದಳು ಅಂದರೆ, ಎಂದು ಸುಮಂಗಲಾಳ ತಲೆ ಓಡಿತು.

"ಮೊದಲು ಹುಷಾರಾಗು. ಚರ್ಚಲ್ಲೇ, ಎಲ್ಲರ ಮುಂದೆ, ಜೋರಾಗಿ ಮಾಡೋಣ."

ಹೊಳೆವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಆತು ತಗೋರಿ," ಎಂದಳು. ಆ ಲೋಟ ಎತ್ತಿ ಎರಡು ಗುಟುಕು ಕುಡಿದು, ಕಣ್ಣು ಮುಚ್ಚಿದಳು. ಶೈಲಶ್ರೀ ಕಾಲು ಒತ್ತುವುದನ್ನು ನಿಲ್ಲಿಸಿದ್ದಳು.

*

"ಆಗಿದೆ," ಎಂದಳು ಸುಮಂಗಲಾ. "ನಾನೇ ಕೊಟ್ಟೆ."

ಪಾಪಯ್ಯನ ಮುಖ ಅರಳಿತು. "ದೇವರಿಗೆ ಸ್ತೋತ್ರ! ಅಷ್ಟು ಹೇಳೋಕೆ ಇಷ್ಟೊಂದು ಸುತ್ತಿಸಿದ್ರಲ್ಲಮ್ಮ!" ಎಂದು ಆಗಲೇ ಫೋನ್ ಎತ್ತಿ ಗುಂಡಿ ತೋಡುವವರನ್ನು ಕರೆದ.

ಅಷ್ಟು ವರ್ಷ ಕೊಡಲಾಗದ್ದನ್ನು ಒಂದೇ ಉಸಿರಿನಲ್ಲಿ ಕೊಟ್ಟಂತಾಗಿತ್ತು. ಎಷ್ಟು ಸಲೀಸು! ಆಟೋದಲ್ಲಿ ವಾಪಸು ಬರುವಾಗ ಸುಮಂಗಲಾ ಕಂಬಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ಒಳ್ಳೆಯದಕ್ಕೆ ಹೇಳಿದ ಸುಳ್ಳು, ಇದರಿಂದ ಹೊಳೆವ್ವನಿಗೆ ಮಣ್ಣು ಸಿಕ್ಕಿತು ಎಂದು ತನಗೆ ತಾನೇ ಹೇಳಿಕೊಂಡಳು. ಪಾಪಯ್ಯನ ತಂಗಿಯ ನೆನಪಾಗಿ ಆ ಸಮಾಧಾನವೂ ನಿಲ್ಲಲಿಲ್ಲ.

ಬರುವಷ್ಟರಲ್ಲಿ ಮೈ ತೊಳೆದಾಗಿತ್ತು. ರಸ್ತೆಯಲ್ಲಿ ಹಾಕಿದ ಶಾಮಿಯಾನಾದ ಕೆಳಗೆ ಹೊಳೆವ್ವ ಕೆನ್ನೆಗೆ ಅರಿಸಿನ, ಹಣೆಗೆ ಅಗಲ ಕುಂಕುಮ, ಕೈತುಂಬ ಹಸಿರು ಬಳೆಯೊಂದಿಗೆ ಮಲಗಿದ್ದಳು. ಗಂಡನಿಗಿಂತ ಮೊದಲು ಹೋದವಳು, ಮುತ್ತೈದೆ. ಪೀಣ್ಯದ ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟುತ್ತಿದ್ದರು. ಹಿಂದೆಯೇ ಸ್ಕೂಟರಿನಲ್ಲಿ ಬಂದಿಳಿದ ಪಾಪಯ್ಯ ಆ ಕುಂಕುಮವನ್ನು ನೋಡಿದ. ಜಗಳಕ್ಕೆ ಬಂದರೆ ಹೇಳಲು ಸುಮಂಗಲಾಳ ಹತ್ತಿರ ಒಂದು ಪುಸ್ತಕಕ್ಕಾಗುವಷ್ಟು ಮಾತಿತ್ತು.

"ಇರ್ಲಿ ಬಿಡಿ, ಲಕ್ಷಣವಾಗಿದೆ," ಎಂದ ಪಾಪಯ್ಯ. ಆಮೇಲೆ ಸೋಮಪ್ಪನ ಹೆಗಲ ಮೇಲೆ ಕೈಯಿಟ್ಟ. "ಜಾಗ ಆಯ್ತು ಕಣಪ್ಪ. ಅಮ್ಮಾವ್ರು ದೀಕ್ಷಾಸ್ನಾನ ಕೊಟ್ಟಿದ್ರಂತೆ, ಇನ್ನೇನು ತೊಂದ್ರೆ ಇಲ್ಲ. ನಿಮ್ಮ ಮನೆಯವರು ನಮ್ಮವರೇ."

ಸೋಮಪ್ಪ ಬಾಯಿ ತೆರೆದ. "ಕೊಟ್ಟಾರ?" ಎಂದ. ಸುಮಂಗಲಾಳನ್ನು ನೋಡಿ ಮತ್ತೆ, "ಖರೇನ ಕೊಟ್ರೇನ್ರಿ ಅಕ್ಕಾರ?" ಎಂದ. ಅವಳು ತಲೆಯಾಡಿಸಿದಳು. ಅವನು ಕೂತಲ್ಲೇ ಹೆಂಡತಿಯ ಕಡೆ ಬಾಗಿ, "ನನಗ ಹೇಳಲೇ ಇಲ್ಲಲ್ಲಲೇ ಹೊಳಿ! ಒಬ್ಬಾಕೀನ ನುಂಗಿಕೊಂಡು ಕುಂತಿದ್ದೇನು!" ಎಂದು ಜೋರಾಗಿ ಅತ್ತ. ಬೆಳಗ್ಗಿನಿಂದ ಅವನು ಅತ್ತದ್ದು ಅದೇ ಮೊದಲು.

ಶೈಲಶ್ರೀ ಎದ್ದು ಬಂದಳು. ಸುಮಂಗಲಾಳ ಮೊಣಕೈ ಹಿಡಿದು, ಮೆಟ್ಟಿಲ ಕೆಳಗೆ ನೀರಿನ ಮೋಟರು ಇಟ್ಟಿದ್ದ ಸಂದಿಗೆ ಕರೆದೊಯ್ದಳು.

"ಯಾವಾಗ ಕೊಟ್ರಿ?"

"ಶೈಲಾ..."

"ಆಸ್ಪತ್ರೆಲಿ ನಾನೂ ಇದ್ದೆ. ನೀವು ಹೋದ ಮೇಲೆ ಅವ್ವ ಏನಂದ್ಲು ಗೊತ್ತಾ? ಅಕ್ಕಾರಿಗೆ ನನ್ನ ತಮ್ಮಾಕಿ ಅನ್ನಾಕ ನಾಚಿಕಿ ಇರಬೇಕವ್ವಾ, ಬಣ್ಣದ ಶೆಡ್ಡಿನಾಕಿ ನಾನು, ಅಂದ್ಲು."

ಸುಮಂಗಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ನಾಚಿಕೆ ಅಲ್ಲ ಕಣೇ. ಅಯ್ಯೋ, ನಾಚಿಕೆ ಅಲ್ಲ. ಹೆದರಿಕೆ. ನಾನು ಹೆದರಿಕೊಂಡೆ."

"ಅದನ್ನ ಅವ್ವಗೆ ಹೇಳ್ಬೇಕಿತ್ತು. ಹೆದರಿಕೆ ಅವಳಿಗೆ ಅರ್ಥ ಆಗ್ತಿತ್ತು." ಶೈಲಶ್ರೀ ಶಾಮಿಯಾನಾದ ಕಡೆ ತಿರುಗಿ ನೋಡಿದಳು. "ಈಗ ನಾನೇನು ಮಾಡ್ಲಿ? ನಿಜ ಹೇಳಿದ್ರೆ ಅವ್ವಗೆ ಮಣ್ಣು ಸಿಗಲ್ಲ. ಹೇಳದಿದ್ರೆ ನೀವು ದೊಡ್ಡೋರಾಗಿಬಿಡ್ತೀರ. ಅಪ್ಪ ಸಾಯೋ ತನಕ ನಿಮ್ಮ ಹೆಸರು ಹೇಳ್ತಾನೆ. ನನಗೆ ತಡಕೊಳ್ಳೋಕೆ ಆಗ್ತಿಲ್ಲ ಮೇಡಂ."

"ಹೇಳಿಬಿಡು. ಇಲ್ಲ, ನಾನೇ ಹೇಳ್ತೀನಿ."

"ಬಾಯಿ ಮುಚ್ಕೊಂಡಿರಿ," ಎಂದಳು ಶೈಲಶ್ರೀ. "ಅವ್ವನ್ನ ಇಟ್ಟು ಬರೋ ತನಕ ಬಾಯಿ ಮುಚ್ಕೊಂಡಿರಿ."

*

ಚರ್ಚಿನ ಸಮಾಧಿ ಜಾಗ ಹೆದ್ದಾರಿಯ ಆಚೆ, ಎರಡು ಕಾರ್ಖಾನೆಗಳ ಗೋಡೆಯ ನಡುವೆ. ಲಾರಿಗಳ ಸದ್ದಿಗೆ ಮಾತು ಕೇಳಬೇಕಾದರೆ ಹತ್ತಿರ ಹತ್ತಿರ ನಿಲ್ಲಬೇಕು. ಸಭೆಯ ಪಾಸ್ಟರ್ ಊರಲ್ಲಿರಲಿಲ್ಲ.

"ನೀವೇ ನಡೆಸಿಕೊಡಿ ಅಮ್ಮ, ನೀವೇ ನೀರು ಕೊಟ್ಟೋರು," ಎಂದ ಪಾಪಯ್ಯ. ಅವನು ಫೋನ್ ಮಾಡಿ ಸಭೆಯ ಎಷ್ಟೋ ಜನರನ್ನು ಕರೆಸಿದ್ದ. ಬಿಳಿ ಸೀರೆಯ ಹೆಂಗಸರು ಹಾಡಿನ ಪುಸ್ತಕ ಹಿಡಿದು ಬಂದು, ಶೆಡ್ಡಿನ ಹೆಂಗಸರ ಜೊತೆ ಸೇರಿ ನಿಂತರು.

ಗೋಪಾಲಪ್ಪ ಗುಂಡಿಯ ಅಂಚಿಗೆ ಹೋಗಿ ಇಣುಕಿ, ಚಪ್ಪಲಿ ಬಿಟ್ಟು ಬಂದ. "ನೀರಿಲ್ಲ, ಒಳ್ಳೆ ಗಟ್ಟಿ ನೆಲ ಕಣಯ್ಯ," ಎಂದು ಸೋಮಪ್ಪನಿಗೆ ಹೇಳಿದ.

"ನಮ್ಮ ಕಡೆ ಕರಿ ಮಣ್ರಿ," ಎಂದ ಸೋಮಪ್ಪ. "ಇರಲಿ. ಇದೂ ಮಣ್ಣ."

ಸುಮಂಗಲಾ ಪುಸ್ತಕ ತೆರೆದು ಓದಿದಳು. ನಮ್ಮ ಸಹೋದರಿಯಾದ ಎಂಬಲ್ಲಿ ನಿಲ್ಲಿಸಿ, ಹೆಸರು ಸೇರಿಸಬೇಕಾದಲ್ಲಿ ಹೊಳೆವ್ವ ಎಂದಳು. ಅಷ್ಟೂ ಜನ ಆಮೆನ್ ಎಂದರು. ಅವಳು ಬದುಕಿದ್ದಾಗ ಕೇಳಿದ್ದು ಇಷ್ಟನ್ನೇ. ಇದನ್ನು ಕೇಳಿಸಿಕೊಳ್ಳಬೇಕಾದವಳು ಪೆಟ್ಟಿಗೆಯೊಳಗಿದ್ದಳು. ಸುಮಂಗಲಾಳಿಗೆ ಮುಂದಿನ ಸಾಲು ಕಾಣಿಸಲಿಲ್ಲ. ಪಾಪಯ್ಯ ಪಕ್ಕದಿಂದ ಬೆರಳಿಟ್ಟು ತೋರಿಸಿದ.

ಪೆಟ್ಟಿಗೆ ಇಳಿಯಿತು. ಮಣ್ಣು ಎಳೆಯುವವರು ಸನಿಕೆ ಎತ್ತಿಕೊಂಡರು.

"ಒಂದ ನಿಮಿಷ ತಡೀರಿ," ಎಂದ ಸೋಮಪ್ಪ. "ಅಕ್ಕಾರ, ಆ ದಿನದ್ದು ನನಗೊಂದೀಟು ಹೇಳ್ರಿ. ನಾ ಇದ್ದಿದ್ದಿಲ್ಲ. ಡ್ಯೂಟಿಗೆ ಹೋಗಿದ್ದೆ ಕಾಣ್ತದ. ಎಲ್ಲಿ ಕೊಟ್ರಿ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಕೇಳಬೇಕಾದ ಮಾತೇ, ಯಾರಿಗಾದರೂ ಕೇಳಬೇಕೆನಿಸುವ ಮಾತೇ. ಅದಕ್ಕೆ ಮಾತ್ರ ಅವಳು ತಯಾರಾಗಿ ಬಂದಿರಲಿಲ್ಲ.

"ಆಸ್ಪತ್ರೆಯಲ್ಲಿ," ಎಂದಳು.

"ಕುಂತಿದ್ಲೋ, ಮಲಗಿದ್ಲೋ?"

"ಕೂತಿದ್ದಳು. ಗೋಡೆಗೆ ಒರಗಿ."

"ನೀರು ಎದರಾಗ ಹಾಕಿದ್ರಿ?"

"ಲೋಟದಲ್ಲಿ... ಅಲ್ಲೇ ಸ್ಟೂಲಿನ ಮೇಲೆ ಒಂದು ಲೋಟ ಇತ್ತು."

"ಏನರೆ ಅಂದ್ಲೇನ್ರಿ ಆಗ?"

"ಆತು ತಗೋರಿ ಅಂದಳು."

"ಹಾಂ!" ಸೋಮಪ್ಪ ಅಳುತ್ತಲೇ ನಕ್ಕ. "ಅಕೀನ, ಅಕೀನ! ಅಕಿ ಅನ್ನೂದ ಹಂಗ!" ಆಮೇಲೆ ಏನೋ ಚಿಂತೆ ಬಂದವನ ಹಾಗೆ ಹತ್ತಿರ ಸರಿದು, ದನಿ ತಗ್ಗಿಸಿದ. "ತಣ್ಣೀರೇನ್ರಿ ಅಕ್ಕಾರ? ತಲಿಮ್ಯಾಲ ತಣ್ಣೀರು ಬಿದ್ರ ಅಕಿ ನಡಗತಿದ್ಲು. ಕಡೀ ಕಡೀಗೆ ಭಾಳ ಥಂಡಿ ಹತ್ತತಿತ್ತು ಅಕಿಗೆ."

"ಇಲ್ಲ ಸೋಮಪ್ಪ," ಎಂದಳು ಸುಮಂಗಲಾ. "ಬೆಚ್ಚಗಿತ್ತು. ಕಾಯಿಸಿ ತರಿಸಿದ್ದೆ."

ಸೋಮಪ್ಪ ದೊಡ್ಡ ಉಸಿರು ಬಿಟ್ಟ. ಮಗಳ ಕಡೆ ತಿರುಗಿದ. "ಕೇಳಿದೇನ ಶೈಲಾ? ಕಾಯ್ಸಿ ಹಾಕ್ಯಾರಂತ. ನೀನೂ ಇದ್ದೆಲ್ಲ ದವಾಖಾನ್ಯಾಗ? ಕಣ್ಣಾರೆ ನೋಡಿದೇನು?"

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಶೈಲಶ್ರೀ ಗುಂಡಿಯನ್ನೇ ನೋಡುತ್ತಿದ್ದಳು. ಪಾಪಯ್ಯನೂ ಕಿವಿಗೊಟ್ಟು ನಿಂತಿದ್ದ. ಸುಮಂಗಲಾಳಿಗೆ, ಬೇಡ ಕಣೇ, ನೀನು ಹೇಳಬೇಡ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ.

"ನೋಡಿದೆಪ್ಪಾ," ಎಂದಳು ಶೈಲಶ್ರೀ. "ಅವ್ವನ ತಲಿ ನಾನ ಒರಸಿದೆ."

ಹೇಳಿ, ದುಪಟ್ಟಾದ ಅಂಚಿನಿಂದ ತನ್ನ ಅಂಗೈಗಳನ್ನು ಒರೆಸಿಕೊಂಡಳು. ಒಂದಾದ ಮೇಲೆ ಇನ್ನೊಂದನ್ನು, ನಿಧಾನವಾಗಿ.

ಸೋಮಪ್ಪ ಗುಂಡಿಯನ್ನು ಬಳಸಿಕೊಂಡು ಈಚೆಗೆ ಬಂದ. ಸುಮಂಗಲಾಳ ಎರಡೂ ಕೈಗಳನ್ನು ಹಿಡಿದು, ನೀರು ಹಾಕಿದ ಕೈಗಳೆಂದು, ಕಣ್ಣಿಗೊತ್ತಿಕೊಂಡ. ಅವನ ಕಣ್ಣೀರಿಗೆ ಅವಳ ಬೆರಳೆಲ್ಲ ಒದ್ದೆಯಾಯಿತು. ಅವಳು ಕೈ ಬಿಡಿಸಿಕೊಳ್ಳಲು ಎಳೆದಳು. ಅವನು ಬಿಡಲಿಲ್ಲ.